ಮರೆವಿಗೆ ಸಂದ ಹಿರಿಯರ ಸೇವೆ: ಮನೆಯಲ್ಲೋ, ಆರೈಕೆ ಕೇಂದ್ರದಲ್ಲೋ?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಇಂದಿನ ಗೋಷ್ಠಿಯ ವಿಷಯ ದಾಸೋಹ. ದಾಸೋಹ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅನ್ನದ ಪಂಕ್ತಿ. ನಾನು ಇವತ್ತು ಆ ಪಂಕ್ತಿಗೆ ಬಂದು ಕೂರಲಾಗದವರ ಬಗ್ಗೆ ಮಾತನಾಡುತ್ತೇನೆ. ಉಂಡು ಕೈ ತೊಳೆದ ಮರುಗಳಿಗೆಯಲ್ಲೇ ‘ನನಗೆ ಊಟವನ್ನೇ ಹಾಕಿಲ್ಲ’ ಎನ್ನುವ ಅವ್ವನ ಬಗ್ಗೆ. ಹೆತ್ತ ಮಗನನ್ನೇ ‘ಯಾವ ಊರಪ್ಪ ನಿಂದು?’ ಎಂದು ಕೇಳುವ ಅಪ್ಪನ ಬಗ್ಗೆ. ಇಂಥವರನ್ನು ಮನೆಯಲ್ಲೇ ನೋಡಿಕೊಳ್ಳಬೇಕೋ, ಆರೈಕೆ ಕೇಂದ್ರಕ್ಕೆ ಸೇರಿಸಬಹುದೋ ಎಂಬ ಪ್ರಶ್ನೆ ಈಗ ನಮ್ಮ ಎಷ್ಟೋ ಮನೆಗಳ ಒಳಕೋಣೆಯಲ್ಲಿ ಪಿಸುಮಾತಿನಲ್ಲಿ ನಡೆಯುತ್ತಿದೆ. ಜೋರಾಗಿ ಆಡಿದರೆ ‘ಹೆತ್ತವರನ್ನು ಹೊರಗೆ ಹಾಕಲು ನೋಡುತ್ತಿದ್ದಾರೆ’ ಎಂಬ ಮಾತು ಊರಲ್ಲಿ ಹುಟ್ಟುತ್ತದೆ ಎಂಬ ಅಂಜಿಕೆ. ಅನುಭವ ಮಂಟಪದ ಹೆಸರು ಹೇಳುವ ನಾವು ಇಂಥ ಪ್ರಶ್ನೆಯನ್ನು ಕೂಡಿ ಕೂತು ಚರ್ಚಿಸದಿದ್ದರೆ ಮತ್ತೆ ಯಾರು ಚರ್ಚಿಸಬೇಕು?

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. ‘ಅರವತ್ತಕ್ಕೆ ಅರಳು ಮರಳು’ ಎಂದು ನಮ್ಮ ಹಿರಿಯರು ಹೇಳಿದರು. ಆ ಗಾದೆಯಿಂದ ಒಂದು ಅನಾಹುತವೂ ಆಗಿದೆ: ಇದು ವಯಸ್ಸಿನ ಗುಣ, ಎಲ್ಲರಿಗೂ ಬರುವುದೇ ಎಂದು ಸುಮ್ಮನಾಗುತ್ತೇವೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನ ಮರೆವು. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದು ಯಾತಕ್ಕೆ ಎಂದು ತಿಳಿಯದಿರುವುದು ಕಾಯಿಲೆ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಅದರಲ್ಲಿ ಹೆಚ್ಚು ಕಾಣುವ ಬಗೆ ಆಲ್‌ಝೈಮರ್ ಕಾಯಿಲೆ. ಆಲೊಯಿಸ್ ಆಲ್‌ಝೈಮರ್ ಎಂಬ ಜರ್ಮನ್ ವೈದ್ಯ 1906ರಲ್ಲಿ ಇದನ್ನು ಮೊದಲು ವಿವರಿಸಿದ. ಮೆದುಳಿನ ಜೀವಕೋಶಗಳು ವರ್ಷಗಟ್ಟಲೆ ನಿಧಾನವಾಗಿ ನಾಶವಾಗುತ್ತ ಹೋಗುತ್ತವೆ. ಮೊದಲು ಹೊಸ ನೆನಪು ಹೋಗುತ್ತದೆ, ಆಮೇಲೆ ದಾರಿ, ಹೊತ್ತು, ಹೆಸರು, ಕೊನೆಗೆ ನುಂಗುವುದು, ನಡೆಯುವುದು ಕೂಡ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಹಿರಿಯರಿಗೆ ಈ ತೊಂದರೆ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎಂಬುದೂ ಅದರಲ್ಲಿದೆ. ಹಾಗಾಗಿ ಇದು ಬೆಂಗಳೂರಿನ ಶ್ರೀಮಂತರ ಕಾಯಿಲೆ ಎಂದು ಯಾರೂ ತಿಳಿಯಬೇಡಿ.

ಮನೆಯೋ ಕೇಂದ್ರವೋ ಎಂದು ಯೋಚಿಸುವ ಮುಂಚೆ ಒಮ್ಮೆ ವೈದ್ಯರ ಹತ್ತಿರ ಹೋಗಲೇಬೇಕು. ಮರೆವು ಕಂಡದ್ದೆಲ್ಲ ಆಲ್‌ಝೈಮರ್ ಅಲ್ಲ. ಥೈರಾಯ್ಡ್ ಕೊರತೆ, ಖಿನ್ನತೆ, ಬಿದ್ದಾಗ ತಲೆಯೊಳಗೆ ರಕ್ತ ಹೆಪ್ಪುಗಟ್ಟಿರುವುದು, ಕೆಲವು ಮಾತ್ರೆಗಳ ಅಡ್ಡಪರಿಣಾಮ, ಇವೂ ಹಾಗೆಯೇ ಕಾಣುತ್ತವೆ. ಶಾಕಾಹಾರಿಗಳಾದ ನಾವು ಮುಖ್ಯವಾಗಿ ನೆನಪಿಡಬೇಕಾದದ್ದು ವಿಟಮಿನ್ ಬಿ12 ಕೊರತೆ. ಅದನ್ನು ಒಂದು ರಕ್ತಪರೀಕ್ಷೆಯಲ್ಲಿ ಪತ್ತೆ ಹಚ್ಚಬಹುದು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಎಷ್ಟೋ ಮಟ್ಟಿಗೆ ಸುಧಾರಿಸುತ್ತದೆ. ಕಿವಿ ಕೇಳದವರನ್ನು ಮರೆತವರೆಂದು ತಿಳಿಯುವುದೂ ಉಂಟು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ರಾಜ್ಯ ಸರ್ಕಾರವು ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಮೆದುಳಿನ ಆರೋಗ್ಯದ ಯೋಜನೆಯನ್ನೇ ಆರಂಭಿಸಿದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಕ್ಲಿನಿಕ್ ಬಗ್ಗೆ ವಿಚಾರಿಸಿ. ಮೂಲ ಕಾಯಿಲೆಯನ್ನು ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಇರುವ ಮಾತ್ರೆಗಳು ಕೆಲವರಿಗೆ ಕೆಲಕಾಲ ಲಕ್ಷಣಗಳನ್ನು ತಗ್ಗಿಸುತ್ತವೆ, ಅಷ್ಟೆ. ಆದ್ದರಿಂದ ಇಲ್ಲಿ ಆರೈಕೆಯೇ ಮುಖ್ಯ ಚಿಕಿತ್ಸೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ‘ಹಿಂದಿನ ಜನ್ಮದ ಕರ್ಮ, ಅನುಭವಿಸಲಿ’ ಎನ್ನುವವರು, ಗಾಳಿ ಸೋಕಿದೆ ಎಂದು ಮಾಟ ತೆಗೆಸಲು ಕರೆದೊಯ್ಯುವವರು ನಮ್ಮಲ್ಲೂ ಇದ್ದಾರೆ. ಹಣೆಬರಹದ ಹೆಸರಲ್ಲಿ ಮನುಷ್ಯನನ್ನು ಕೀಳು ಮಾಡುವುದನ್ನು ಒಪ್ಪದ ಶರಣರ ದಾರಿಯಲ್ಲಿ ನಡೆಯುವವರ ಬಾಯಲ್ಲಿ ಈ ಮಾತು ಬರಬಾರದು.

ಈಗ ನಮ್ಮ ಮನೆಗಳಿಗೇ ವಿಶೇಷವಾದ ಒಂದು ಸಂಕಟಕ್ಕೆ ಬರೋಣ. ಲಿಂಗಪೂಜೆಯಾಗದೆ ಬಾಯಿಗೆ ನೀರೂ ಹಾಕದಿದ್ದ ಅವ್ವ ಈಗ ದಿನಕ್ಕೆ ನಾಲ್ಕು ಸಲ ಪೂಜೆಗೆ ಕೂರುತ್ತಾರೆ. ಇಲ್ಲವೇ ಪೂಜೆಯ ನೆನಪೇ ಇಲ್ಲದೆ ಅಡುಗೆಮನೆಗೆ ಹೋಗಿ ತಿನ್ನುತ್ತಾರೆ. ಕರಡಿಗೆ ಬಿಚ್ಚಿ ಎಲ್ಲೋ ಇಟ್ಟು, ‘ನನ್ನ ಲಿಂಗ ಕದ್ದಿರಿ’ ಎಂದು ಸೊಸೆಯ ಮೇಲೆ ಹೊರಿಸುತ್ತಾರೆ. ಮನೆಯವರಿಗೆ ಶೀಲ ಕೆಟ್ಟಿತೆಂಬ ನೋವು, ನೆಂಟರ ಮುಂದೆ ನಾಚಿಕೆ. ನಾನು ಕೇಳುವುದಿಷ್ಟೇ: ದೇಹವನ್ನೇ ದೇಗುಲವೆಂದು ಕಂಡ ಧರ್ಮ ನಮ್ಮದು. ನೆನಪು ಹೋದರೆ ದೇಗುಲ ಪಾಳು ಬಿತ್ತೆಂದು ಅರ್ಥವೇ? ಆ ಜೀವಕ್ಕೆ ಲಿಂಗದ ಹೆಸರು ಮರೆತಿರಬಹುದು. ಲಿಂಗಕ್ಕೆ ಆ ಜೀವ ಮರೆತಿರುವುದಿಲ್ಲ. ನಾಲ್ಕು ಸಲ ಕೂತರೆ ಕೂರಲಿ. ಪೂಜೆಯ ಮುಂಚೆ ಹಸಿವೆಂದರೆ ಉಣಿಸಿ. ಕರಡಿಗೆ ಕಳೆಯುವ ಭಯವಿದ್ದರೆ ನೀವೇ ಜೋಪಾನವಾಗಿಟ್ಟು, ಬೆಳಿಗ್ಗೆ ಸ್ನಾನವಾದ ಮೇಲೆ ಅಂಗೈಯಲ್ಲಿ ಲಿಂಗವಿಟ್ಟು ಎದುರು ಕುಳಿತುಕೊಳ್ಳಿ. ಮಾತು ಮರೆತವರ ಕೈ ಎಷ್ಟೋ ಸಲ ತಾನಾಗಿಯೇ ವಿಭೂತಿಯ ಕಡೆಗೆ ಹೋಗುತ್ತದೆ. ಹೆಸರು ಮರೆತವರು ಚಿಕ್ಕಂದಿನಲ್ಲಿ ಕಲಿತ ವಚನವನ್ನು ರಾಗದಲ್ಲಿ ಹಾಡುತ್ತಾರೆ. ದಶಕಗಳ ರೂಢಿಯೂ ಹಾಡೂ ಮೆದುಳಿನಲ್ಲಿ ಬಹುಕಾಲ ಉಳಿಯುವುದುಂಟು.

ಇದರಿಂದಲೇ ಮನೆಯ ಆರೈಕೆಯ ಹೆಚ್ಚುಗಾರಿಕೆ ಏನೆಂದು ತಿಳಿಯುತ್ತದೆ. ಪರಿಚಯದ ಪಡಸಾಲೆ, ಬಚ್ಚಲಿನ ದಾರಿ, ಅದೇ ತಟ್ಟೆ ಲೋಟ, ಅದೇ ಭಾಷೆ, ಅದೇ ಹೊತ್ತಿಗೆ ಊಟ. ಈ ಕಾಯಿಲೆಯವರಿಗೆ ದಿನಚರಿಯೇ ಊರುಗೋಲು. ಮೊದಲ ಒಂದೆರಡು ಹಂತಗಳಲ್ಲಿ ಮನೆಗಿಂತ ಒಳ್ಳೆಯ ಜಾಗ ಇಲ್ಲ. ಅಕ್ಕಿ ಆರಿಸಲು ಕೊಡಿ, ಬಟಾಣಿ ಸುಲಿಯಲು ಕೊಡಿ, ಹೂ ಕಟ್ಟಲು ಕೊಡಿ. ಕೆಲಸ ಸರಿಯಾಯಿತೇ ಎಂದು ನೋಡಬೇಡಿ. ಕಾಯಕದಿಂದ ಬಂದವರಿಗೆ ಕೈ ಖಾಲಿ ಇರುವುದೇ ದೊಡ್ಡ ಶಿಕ್ಷೆ. ‘ನನ್ನ ಅವ್ವ ಎಲ್ಲಿ?’ ಎಂದು ಎಂಬತ್ತರ ಅಜ್ಜಿ ಕೇಳಿದರೆ ‘ಸತ್ತು ನಲವತ್ತು ವರ್ಷವಾಯಿತು’ ಎಂದು ತಿದ್ದಬೇಡಿ. ಪ್ರತಿ ಸಲ ಅದು ಅವರಿಗೆ ಹೊಸ ಸಾವು. ‘ನಿಮ್ಮವ್ವ ಏನು ಅಡುಗೆ ಮಾಡ್ತಿದ್ರು?’ ಎಂದು ಮಾತು ತಿರುಗಿಸಿ. ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ, ರಾತ್ರಿ ಬಚ್ಚಲ ದಾರಿಗೆ ದೀಪ ಇಡಿ, ಹೆಸರು ಮತ್ತು ಫೋನ್ ನಂಬರ್ ಬರೆದ ಚೀಟಿ ಅವರ ಮೈಮೇಲೆ ಸದಾ ಇರಲಿ.

ಇಲ್ಲಿ ನಮ್ಮ ಕುಟುಂಬಗಳ ಒಂದು ಪದ್ಧತಿಯನ್ನು ಪ್ರಶ್ನಿಸಬೇಕಾಗಿದೆ. ಅದು ಪಾಳಿ. ಎರಡು ತಿಂಗಳು ದೊಡ್ಡ ಮಗನ ಮನೆ, ಎರಡು ತಿಂಗಳು ಚಿಕ್ಕವನ ಮನೆ. ಗಟ್ಟಿಮುಟ್ಟಾದ ಹಿರಿಯರಿಗೆ ಇದು ಸರಿಹೋಗಬಹುದು. ಮರೆವಿನವರಿಗೆ ಪ್ರತಿ ಮನೆಯೂ ಕಾಡು. ಬಚ್ಚಲು ಸಿಗದೆ ಬಟ್ಟೆಯಲ್ಲೇ ಆಗುತ್ತದೆ, ಬಾಗಿಲು ತಿಳಿಯದೆ ಬೀದಿಗೆ ಹೋಗುತ್ತಾರೆ. ಪಾಳಿ ಬೇಕೇಬೇಕೆಂದರೆ ಹಿರಿಯರು ಒಂದೇ ಕಡೆ ಇರಲಿ, ನೋಡಿಕೊಳ್ಳುವವರು ತಿರುಗಲಿ. ಬೆಂಗಳೂರಿನ ಮಗ ರಜೆ ಹಾಕಿ ಬಂದು ಹದಿನೈದು ದಿನ ಇರಲಿ. ಆ ಹದಿನೈದು ದಿನ ಅತ್ತಿಗೆ ತನ್ನ ತವರಿಗೆ ಹೋಗಿ ಕಣ್ತುಂಬ ನಿದ್ದೆ ಮಾಡಲಿ.

ಅತ್ತಿಗೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಇದೇ ನನ್ನ ಇಂದಿನ ಮುಖ್ಯ ಮಾತು. ‘ನಮ್ಮ ಅವ್ವನನ್ನು ನಾವು ಮನೆಯಲ್ಲೇ ನೋಡಿಕೊಳ್ಳುತ್ತಿದ್ದೇವೆ’ ಎಂದು ಹೆಮ್ಮೆಯಿಂದ ಹೇಳುವ ಮನೆಗಳಲ್ಲಿ ಆ ‘ನಾವು’ ಯಾರು? ಬಹುಪಾಲು ಒಬ್ಬ ಸೊಸೆ, ಇಲ್ಲವೇ ಒಬ್ಬ ಮಗಳು, ಇಲ್ಲವೇ ಎಪ್ಪತ್ತೈದು ದಾಟಿದ ಹೆಂಡತಿ. ರಾತ್ರಿ ಮೂರು ಸಲ ಏಳುವವಳು ಅವಳು, ಒದ್ದೆ ಹಾಸಿಗೆ ಒಗೆಯುವವಳು ಅವಳು, ಕಳ್ಳಿ ಎಂದು ಬೈಸಿಕೊಳ್ಳುವವಳೂ ಅವಳೇ. ಭಾನುವಾರ ಬಂದು ಕಾಲು ಮುಟ್ಟಿ, ಹಣ್ಣು ಇಟ್ಟು, ‘ಅವ್ವ ಸೊರಗಿದ್ದಾಳಲ್ಲ’ ಎಂದು ಹೇಳಿ ಹೋಗುವವರು ಉಳಿದವರು. ಇದನ್ನು ದಾಸೋಹ ಎನ್ನಬಹುದೇ? ದಾಸೋಹ ಒಪ್ಪಿ ಮಾಡುವಂಥದು, ಕೂಡಿ ಮಾಡುವಂಥದು. ಒಬ್ಬರ ಬೆನ್ನ ಮೇಲೆ ಹೇರಿ ಉಳಿದವರು ಪುಣ್ಯ ಹಂಚಿಕೊಂಡರೆ ಅದಕ್ಕೆ ಬೇರೆ ಹೆಸರಿದೆ. ಆಯ್ದಕ್ಕಿ ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಮಾರಯ್ಯನವರು ದಾಸೋಹಕ್ಕೆಂದು ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಅದನ್ನು ಒಪ್ಪದೆ ಮರಳಿ ಕಳಿಸಿದವರು ಅವರು. ದಾಸೋಹ ಹೇಗೆ ನಡೆಯಬೇಕೆಂದು ಹೇಳುವ ಹಕ್ಕು ಆ ಮನೆಯ ಹೆಣ್ಣಿಗಿತ್ತು. ನಮ್ಮ ಮನೆಯ ಸೊಸೆಗೆ ‘ಇಷ್ಟು ನನ್ನಿಂದ ಆಗುವುದಿಲ್ಲ’ ಎನ್ನುವ ಹಕ್ಕು ಇದೆಯೇ?

ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬ ಕಾನೂನು 2005ರಿಂದ ಇಡೀ ದೇಶಕ್ಕೆ ಬಂದಿದೆ. ಕರ್ನಾಟಕ 1994ರಲ್ಲೇ ಆ ಕಡೆ ಹೆಜ್ಜೆ ಇಟ್ಟಿತ್ತು. ಪಾಲು ಸಮ ಎಂದ ಮೇಲೆ ಆರೈಕೆಯೂ ಸಮ, ಆರೈಕೆಯ ತೀರ್ಮಾನದಲ್ಲಿ ದನಿಯೂ ಸಮ. ಬರಲಾಗದವರು ಹಣ ಕೊಡಲಿ, ಹಣವಿಲ್ಲದವರು ದಿನ ಕೊಡಲಿ. ಎರಡನ್ನೂ ಕೊಡದವರು ತೀರ್ಪು ಕೊಡುವುದನ್ನು ಬಿಡಲಿ.

ಹಾಗಾದರೆ ಮನೆಯ ಆರೈಕೆ ಸಾಲದು ಎಂದು ತಿಳಿಯುವುದು ಹೇಗೆ? ಕೆಲವು ಗುರುತುಗಳಿವೆ. ನೋಡಿಕೊಳ್ಳುವವರಿಗೆ ವಾರಗಟ್ಟಲೆ ನಿದ್ದೆ ಇಲ್ಲದಿರುವುದು; ಅವರದೇ ಬಿಪಿ, ಸಕ್ಕರೆ ಏರುತ್ತಿರುವುದು; ಹಿರಿಯರು ರಾತ್ರಿ ಮನೆ ಬಿಟ್ಟು ಹೋಗುವುದು; ಎತ್ತಿ ಕೂರಿಸಲು ಇಬ್ಬರು ಬೇಕಾಗಿ ಒಬ್ಬರೇ ಇರುವುದು; ಮೈಯಲ್ಲಿ ಹಾಸಿಗೆ ಹುಣ್ಣು ಕಾಣುವುದು; ಊಟ ಗಂಟಲಲ್ಲಿ ಸಿಕ್ಕಿ ಪದೇಪದೇ ಕೆಮ್ಮುವುದು. ಎಲ್ಲಕ್ಕಿಂತ ಗಂಭೀರವಾದದ್ದು ಮತ್ತೊಂದಿದೆ. ಹಿರಿಯರನ್ನು ಕೋಣೆಯಲ್ಲಿ ಕೂಡಿ ಬೀಗ ಹಾಕುವ, ಮಂಚಕ್ಕೆ ಕಟ್ಟುವ, ಅಥವಾ ಅವರ ಮೇಲೆ ಕೈ ಎತ್ತುವ ಸ್ಥಿತಿ ಬಂದರೆ ಆ ಮನೆಗೆ ಸಹಾಯ ಬೇಕೇಬೇಕು. ಕೈ ಎತ್ತಿದವರು ದುಷ್ಟರೇ ಆಗಿರಬೇಕಿಲ್ಲ; ಹಲವು ಸಲ ಸೋತು ಸುಣ್ಣವಾದವರು. ಹೊರಗಿನವರಿಗೆ ಅದು ‘ಮನೆಯಲ್ಲೇ ಇಟ್ಟುಕೊಂಡ ಪುಣ್ಯವಂತರ ಮನೆ’. ಒಳಗಿನ ಸಂಗತಿ ಬೇರೆಯೇ. ಮನೆ ಎಂಬ ಕಟ್ಟಡ ಸ್ಥಾವರ, ಅದರೊಳಗಿನ ಅಕ್ಕರೆ ಜಂಗಮ. ಅಕ್ಕರೆ ಬತ್ತಿದ ಮೇಲೂ ಗೋಡೆಯನ್ನೇ ಹಿಡಿದು ಕೂರುವುದು ನಮ್ಮ ದಾರಿಯಲ್ಲ.

ಆಗ ಮೊದಲು ಮನೆಗೇ ಸಹಾಯಕರನ್ನು ಗೊತ್ತು ಮಾಡಿಕೊಳ್ಳಬಹುದು. ಅದೂ ಸಾಲದಿದ್ದರೆ ಆರೈಕೆ ಕೇಂದ್ರ. ಇಲ್ಲೊಂದು ಗೊಂದಲ ಬಿಡಿಸಬೇಕು. ನಮ್ಮ ಕಡೆ ನರ್ಸಿಂಗ್ ಹೋಂ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳುವುದಿಲ್ಲ. ವೃದ್ಧಾಶ್ರಮ ಎಂದರೆ ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರ ಜಾಗ. ಮರೆವಿನ ಕಾಯಿಲೆ ಎಂದರೆ ಎಷ್ಟೋ ಕಡೆ ಸೇರಿಸಿಕೊಳ್ಳುವುದಿಲ್ಲ. ನಮಗೆ ಬೇಕಾದದ್ದು ಡಿಮೆನ್ಷಿಯಾ ಆರೈಕೆಯ ತರಬೇತಿ ಇರುವವರ ಕೇಂದ್ರ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಕೆಲವು ಸಂಸ್ಥೆಗಳು ಈ ಕೆಲಸ ಮಾಡುತ್ತಿವೆ. ಹಳ್ಳಿ, ತಾಲ್ಲೂಕುಗಳಲ್ಲಿ ಇಂಥವು ಸಿಗುವುದು ಕಷ್ಟ. ಖರ್ಚೂ ದೊಡ್ಡದು, ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆ ವಾಸಕ್ಕೆ ಸಿಗುತ್ತದೆಯೇ ಹೊರತು ಇಂಥ ದೀರ್ಘ ವಾಸಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ.

ಕೇಂದ್ರ ನೋಡಲು ಹೋದಾಗ ಮುಂಬಾಗಿಲಿನ ಅಂದಚೆಂದ ನೋಡಿ ಮರುಳಾಗಬೇಡಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನರಿಗೆ ಎಷ್ಟು ಸಹಾಯಕರು ಎಂದು ಕೇಳಿ. ಕಟ್ಟಿಹಾಕುತ್ತಾರೆಯೇ, ಮಂಪರು ಮಾತ್ರೆ ಕೊಟ್ಟು ಮಲಗಿಸುತ್ತಾರೆಯೇ ಎಂದು ನೇರವಾಗಿ ಕೇಳಿ. ನೋಡಿಕೊಳ್ಳುವವರಿಗೆ ಕನ್ನಡ ಬರುತ್ತದೆಯೇ ನೋಡಿ. ಕಾಯಿಲೆ ಬಲಿತಂತೆ ಕಲಿತ ಭಾಷೆಗಳು ಹೋಗಿ ತಾಯಿನುಡಿಯೊಂದೇ ಉಳಿಯುವುದುಂಟು. ‘ನೀರು’ ಎಂದರೆ ತಿಳಿಯದವರ ನಡುವೆ ನಮ್ಮ ಅವ್ವ ಬಾಯಾರಿ ಕೂರಬಾರದು. ಅಡುಗೆಮನೆ ಶಾಕಾಹಾರದ್ದೇ? ಬೆಳಿಗ್ಗೆ ಲಿಂಗಪೂಜೆಗೆ ಕಾಲು ಗಂಟೆ ಕೊಡುತ್ತಾರೆಯೇ? ಕೊರಳ ಲಿಂಗವನ್ನು ಒಡವೆಯೆಂದು ಬಿಚ್ಚಿಸಿ ಬೀರುವಿನಲ್ಲಿ ಇಡುತ್ತಾರೆಯೇ? ಹೇಳದೆ ಕೇಳದೆ ಯಾವ ಹೊತ್ತಿಗಾದರೂ ಬರಲು ಬಿಡುತ್ತಾರೆಯೇ? ಈ ಕೊನೆಯ ಪ್ರಶ್ನೆಗೆ ಇಲ್ಲ ಎಂದರೆ ಅಲ್ಲಿಂದ ಎದ್ದು ಬನ್ನಿ. ಶುಲ್ಕ, ಠೇವಣಿ, ಆಸ್ಪತ್ರೆಗೆ ಸೇರಿಸಬೇಕಾದರೆ ಯಾರ ಖರ್ಚು, ಎಲ್ಲವೂ ಬರಹದಲ್ಲಿರಲಿ.

ಸೇರಿಸಿದ ಮೇಲೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಸೇರಿಸುವುದು ಬೇರೆ, ಬಿಟ್ಟುಬಿಡುವುದು ಬೇರೆ. ಬಿಟ್ಟುಬಿಡುವುದು ಅಪರಾಧವೂ ಹೌದು: 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಅದಕ್ಕೆ ಮೂರು ತಿಂಗಳವರೆಗೆ ಸೆರೆವಾಸ, 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಿಸಲು ಅದೇ ಕಾಯ್ದೆಯಲ್ಲಿ ದಾರಿಯಿದೆ. ಬುದ್ಧಿ ಸ್ವಾಧೀನದಲ್ಲಿಲ್ಲದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ನಿಲ್ಲುವುದಿಲ್ಲ ಎಂಬುದೂ ನೆನಪಿರಲಿ. ವಾರಕ್ಕೊಮ್ಮೆ ಹೋಗಿ, ಕೈ ಹಿಡಿದು ಕುಳಿತುಕೊಳ್ಳಿ. ‘ನನ್ನ ಗುರುತೇ ಸಿಗುವುದಿಲ್ಲ, ಹೋಗಿ ಏನು ಪ್ರಯೋಜನ’ ಎನ್ನಬೇಡಿ. ಅವರಿಗೆ ನಿಮ್ಮ ಹೆಸರು ಸಿಗದಿರಬಹುದು, ನಿಮ್ಮ ಕೈಯ ಬಿಸುಪು ಸಿಗುತ್ತದೆ. ಅಷ್ಟೇ ಅಲ್ಲ, ಬಂದುಹೋಗುವ ಬಳಗ ಇರುವವರನ್ನು ಕೇಂದ್ರದವರು ಹೆಚ್ಚು ಎಚ್ಚರದಿಂದ ನೋಡಿಕೊಳ್ಳುತ್ತಾರೆ. ಇದು ಲೋಕರೂಢಿ.

ಈಗ ಮಠಗಳಿಗೆ, ಬಸವಪರ ಸಂಘಟನೆಗಳಿಗೆ ಒಂದು ಬಿನ್ನಹ. ಹಸಿದ ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟ ಸಿದ್ಧಗಂಗೆ, ಸುತ್ತೂರಿನಂಥ ಪರಂಪರೆ ನಮ್ಮದು. ಆ ಕಾಲದ ಕರೆ ಮಕ್ಕಳದಾಗಿತ್ತು, ಈ ಕಾಲದ ಕರೆ ಹಿರಿಯರದೂ ಆಗಿದೆ. ದೊಡ್ಡ ಕಟ್ಟಡ ಬೇಕಿಲ್ಲ. ದಾಸೋಹ ಭವನ ಮಧ್ಯಾಹ್ನದ ನಂತರ ಖಾಲಿ ಇರುತ್ತದೆ. ವಾರದಲ್ಲಿ ಎರಡು ದಿನ, ಮೂರು ಗಂಟೆ ಹೊತ್ತು ಇಂಥ ಹಿರಿಯರನ್ನು ಅಲ್ಲಿ ಕೂರಿಸಿ, ವಚನ ಹಾಡಿಸಿ, ಪ್ರಸಾದ ಕೊಟ್ಟು ಕಳಿಸಿದರೆ ಆ ಮೂರು ಗಂಟೆ ಒಬ್ಬ ಸೊಸೆಗೆ ಉಸಿರಾಡಲು ಸಿಗುತ್ತದೆ. ಹಲವು ಮಠಗಳು ನರ್ಸಿಂಗ್ ಕಾಲೇಜು ನಡೆಸುತ್ತಿವೆ. ಆ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದು? ನೋಡಿಕೊಳ್ಳುವವರು ತಿಂಗಳಿಗೊಮ್ಮೆ ಸೇರಿ ಅತ್ತು ನಗಲು ಒಂದು ಕೋಣೆ ಕೊಡಿ. ಇನ್ನು ಮನೆಗಳಿಗೊಂದು ಮಾತು: ಲಿಂಗೈಕ್ಯರಾದ ಮೇಲೆ ಪುಣ್ಯಸ್ಮರಣೆಗೆ ಸಾವಿರ ಜನರಿಗೆ ಊಟ ಹಾಕುವ ಹಣದಲ್ಲಿ, ಅವರು ಬದುಕಿದ್ದಾಗ ಎಷ್ಟು ತಿಂಗಳು ಒಬ್ಬ ಸಹಾಯಕಿಯನ್ನು ಇಡಬಹುದಿತ್ತು ಎಂದು ಲೆಕ್ಕ ಹಾಕಿ ನೋಡಿ.

ಕೊನೆಗೆ, ತೀರ್ಮಾನ ಮಾಡುವುದು ಹೇಗೆ? ಕಾಯಿಲೆ ಆರಂಭದಲ್ಲಿದ್ದರೆ ಮೊದಲು ಆ ಹಿರಿಯರನ್ನೇ ಕೇಳಿ. ನೆನಪು ಇನ್ನೂ ಇರುವಾಗ ‘ಮುಂದೆ ಹೀಗಾದರೆ ಏನು ಮಾಡಲಿ ಅವ್ವ?’ ಎಂದು ಕೇಳುವುದು ಒರಟುತನವಲ್ಲ, ಗೌರವ. ಬ್ಯಾಂಕು, ಪಿಂಚಣಿ, ಉಯಿಲಿನ ವ್ಯವಹಾರವನ್ನೂ ಆಗಲೇ ಮುಗಿಸಿಕೊಳ್ಳಿ. ಆಮೇಲೆ ಗಂಡು, ಹೆಣ್ಣು, ಸೊಸೆ, ಅಳಿಯ ಎಲ್ಲರೂ ಒಂದು ಕಡೆ ಕೂರಿ. ಹಗಲಿರುಳು ನೋಡಿಕೊಳ್ಳುತ್ತಿರುವವರು ಮೊದಲು ಮಾತಾಡಲಿ. ಉಳಿದವರು ಅದು ಮುಗಿಯುವವರೆಗೆ ಕೇಳಲಿ. ಎರಡೇ ಪ್ರಶ್ನೆ ಇಟ್ಟುಕೊಳ್ಳಿ. ಹಿರಿಯ ಜೀವ ಎಲ್ಲಿ ಹಸಿವು, ಗಾಯ, ಭಯ ಇಲ್ಲದೆ ಇರುತ್ತದೆ? ಅದನ್ನು ನೋಡಿಕೊಳ್ಳುವ ಜೀವ ಎಲ್ಲಿ ಉಳಿಯುತ್ತದೆ? ಇವೆರಡಕ್ಕೂ ಮನೆಯೇ ಉತ್ತರವಾದರೆ ಮನೆ. ಕೇಂದ್ರ ಉತ್ತರವಾದರೆ ಕೇಂದ್ರ. ಆರು ತಿಂಗಳಿಗೊಮ್ಮೆ ಮತ್ತೆ ಕೂರಿ, ಏಕೆಂದರೆ ಕಾಯಿಲೆ ನಿಂತಲ್ಲಿ ನಿಲ್ಲುವುದಿಲ್ಲ. ‘ಜನ ಏನಂದಾರು’ ಎಂಬ ಮೂರನೆಯ ಪ್ರಶ್ನೆಯನ್ನು ಆ ಸಭೆಗೆ ಬಿಟ್ಟುಕೊಳ್ಳಬೇಡಿ. ಆಡುವ ಜನ ರಾತ್ರಿ ಎರಡು ಗಂಟೆಗೆ ಹಾಸಿಗೆ ಬದಲಿಸಲು ಬರುವುದಿಲ್ಲ.

ದಿಕ್ಕು ತೋಚದಾಗ ಫೋನ್ ಮಾಡಲು ಎರಡು ನಂಬರ್ ಬರೆದುಕೊಳ್ಳಿ: ಹಿರಿಯರ ಸಹಾಯವಾಣಿ 14567, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416. ನೋಡಿಕೊಳ್ಳುವವರೂ ತಮ್ಮ ದಣಿವಿನ ಬಗ್ಗೆ ಮಾತಾಡಲು ಈ ಎರಡನೆಯ ನಂಬರಿಗೆ ಕರೆ ಮಾಡಬಹುದು.

ಇಲ್ಲಿ ಕುಳಿತವರಲ್ಲಿ ಯಾರಾದರೂ ಹೆತ್ತವರನ್ನು ಕೇಂದ್ರಕ್ಕೆ ಸೇರಿಸಿ ಒಳಗೊಳಗೇ ಬೇಯುತ್ತಿದ್ದರೆ, ವಾರಕ್ಕೊಮ್ಮೆ ಹೋಗಿ ಬರುತ್ತಿದ್ದರೆ, ನೀವು ದಾಸೋಹದಲ್ಲೇ ಇದ್ದೀರಿ. ಮನೆಯಲ್ಲೇ ನೋಡಿಕೊಳ್ಳುತ್ತ ಸೋತುಹೋಗಿದ್ದರೆ, ನಾಳೆಯೇ ಯಾರನ್ನಾದರೂ ಸಹಾಯಕ್ಕೆ ಕರೆಯಿರಿ, ಕೇಳುವುದರಲ್ಲಿ ಸೋಲಿಲ್ಲ. ಈ ಎರಡೂ ಆಗದೆ ಸುಮ್ಮನೆ ಕೇಳುತ್ತಾ ಕುಳಿತ ನಮ್ಮಂಥವರು ಇಂದು ಮನೆಗೆ ಹೋಗುವ ದಾರಿಯಲ್ಲಿ ಅಂಥದೊಂದು ಮನೆಯ ಬಾಗಿಲು ತಟ್ಟಿ, ‘ನಾನು ಎರಡು ತಾಸು ಅವ್ವನ ಹತ್ತಿರ ಕೂತಿರ್ತೀನಿ, ನೀವು ಹೋಗಿ ಮಲಗಿ ತಂಗಿ’ ಎಂದು ಹೇಳೋಣ.